‘ಲೆವಿ’ ಮತ್ತು ನಮ್ಮ ‘ಲಗೂ’

ಫೋಟೊದಾಗ ಇರೋದು ನವಲಗುಂದದ ರೈತರ ವೀರಗಲ್ಲು. ಪ್ರತಿ ವರ್ಷ ಜುಲೈ 21ಕ್ಕ ಇಲ್ಲಿ ಮಾಲೆ ಹಾಕ್ತಾರ, ನೋಡೀರಿ. ಈ ಕಲ್ಲಿನ ಹಿಂದ ಒಂದು ಇಂಗ್ಲಿಷ್ ಪದ ಐತಿ: ಲೆವಿ. ಇವತ್ತು ಅದರ ಬೇರು ಹುಡುಕೋಣ ಬರ್ರಿ.

ಮೊದಲ ಕಥಿ. ಮಲಪ್ರಭಾ ಕಾಲುವೆ ಬಂತು. ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಏರೈತಿ, ಅದಕ್ಕ ‘ಬೆಟರ್‌ಮೆಂಟ್ ಲೆವಿ’ ಕಟ್ರಿ ಅಂತು ಸರಕಾರ. ಸರಿಯಾಗಿ ನೀರು ಮುಟ್ಟದ ಹೊಲದವರೂ ಕಟ್ಟಬೇಕು! ಹತ್ತಿ ದರಾನೂ ಬಿದ್ದಿತ್ತು. 1980ರ ಜುಲೈ 21ರಂದು ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು. ನವಲಗುಂದದಾಗ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಾಗ ಈರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ನರಗುಂದದಾಗ ಪೊಲೀಸರೂ ಜೀವ ಕಳಕೊಂಡರು. ಚಳವಳಿ ರಾಜ್ಯದ ತುಂಬ ಹಬ್ಬಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರ ಹೋಯಿತು.

ಈಗ ಪದಕ್ಕ ಬರೋಣ. ಇಂಗ್ಲಿಷಿಗೆ ಲೆವಿ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ‘ಲೆವೆ’ ಅಂದ್ರ ಎತ್ತಿದ್ದು. ಅದರ ಹಿಂದ ಲ್ಯಾಟಿನ್ನಿನ ‘ಲೆವಾರೆ’, ಅಂದ್ರ ಎತ್ತು, ಹಗುರ ಮಾಡು. ಅದರ ತಾಯಿ ‘ಲೆವಿಸ್’. ಅರ್ಥ ಏನ್ ಗೊತ್ತೇನ್ರಿ? ಹಗುರ! ರೈತನ ಹೆಗಲ ಮ್ಯಾಲೆ ಬಿದ್ದ ಹೊರೆಯ ಹೆಸರಿನಾಗ ಹಗುರ ಅನ್ನೋ ಮಾತು ಕುಂತಿತ್ತು. ಎಲಿವೇಟರ್, ರಿಲೀಫ್ ಎಲ್ಲಾ ಇದರ ಬಳಗ. (‘ಲಿಫ್ಟ್’ ಮಾತ್ರ ಈ ಮನೆತನದ್ದಲ್ಲ, ಮೋಸ ಹೋಗಬ್ಯಾಡ್ರಿ.)

ಇನ್ನೂ ಹಿಂದಕ್ಕ ಹೋದ್ರ ಇಂಡೋ-ಯುರೋಪಿಯನ್ ಮೂಲಭಾಷೆ. ಅದನ್ನ ಯಾರೂ ಬರೆದಿಟ್ಟಿಲ್ಲ, ಮಕ್ಕಳ ಮುಖ ನೋಡಿ ಅಜ್ಜನ ಮುಖ ಊಹಿಸಿದಂಗ ವಿದ್ವಾಂಸರು ಕಟ್ಟಿಕೊಂಡದ್ದು. ಅಲ್ಲಿ ‘ಲೆಗ್ವ್’ ಅಂತ ಏನೋ ಒಂದು ಧಾತು, ಹಗುರ ಅನ್ನೋ ಅರ್ಥದ್ದು. ಇಂಗ್ಲಿಷಿನ ‘ಲಂಗ್’, ಅಂದ್ರ ಪುಪ್ಪುಸ, ಅದೂ ಇದರದ್ದೇ ಕುಡಿ; ಪುಪ್ಪುಸ ಅಷ್ಟು ಹಗುರ. ಸಂಸ್ಕೃತಕ್ಕ ಬಂದು ಅದೇ ಧಾತು ‘ಲಘು’ ಆತು. ಹಗುರ ಇದ್ದದ್ದು ಜೋರಾಗಿ ಓಡ್ತೈತಿ, ಹಂಗಾಗಿ ಲಘು ಅಂದ್ರ ಬೇಗ ಅಂತನೂ ಆತು. ನಿಮ್ಮವ್ವ ದಿನಾ ಮುಂಜಾನೆ ‘ಲಗೂ ಏಳೋ’ ಅಂತಾಳಲ್ಲ, ಅದು ಇದೇ ಪದ! ಲೆವಿ ಮತ್ತು ಲಗೂ ದೂರದ ಅಣ್ತಮ್ಮರು.

ಕನ್ನಡ ಬೇರೆ ಕುಲದ ಭಾಷೆ, ದ್ರಾವಿಡ. ಆದರೂ ಗಣಪತಿ ಹಬ್ಬಕ್ಕ ನಾವು ಪಟ್ಟಿ ‘ಎತ್ತತೀವಿ’. ರೊಕ್ಕ ಎತ್ತೋ ವಿಚಾರದಾಗ ಫ್ರೆಂಚರಿಗೂ ನಮಗೂ ಒಂದೇ ತಲಿ.

ಮನ್ಯಾಗ 1980 ಕಂಡ ಅಜ್ಜ, ಅಮ್ಮ ಇದ್ದರ ಕೇಳ್ರಿ: ಆಗ ಆ ಕರಕ್ಕ ಊರಾಗ ಏನಂತಿದ್ರು? ಲೆವಿ ಅಂತನೋ, ಬ್ಯಾರೆ ಹೆಸರಿತ್ತೋ? ಕಾಮೆಂಟಿನಾಗ ಹಾಕ್ರಿ. ಲಗೂ!