ತುವರಕ: ಓಲೆಯ ಹೆಸರು ಮತ್ತು ಕಾಡಿನ ಮರ

ವೈದ್ಯಗ್ರಂಥಗಳ ಹಸ್ತಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರಿಗೆ ಛಂದಸ್ಸು, ವ್ಯಾಕರಣಗಳು ಒಡ್ಡುವ ತೊಡಕಿಗಿಂತ ಮೂಲಿಕೆಗಳ ಹೆಸರುಗಳು ಒಡ್ಡುವ ತೊಡಕು ದೊಡ್ಡದು. ಕಾವ್ಯದಲ್ಲಿ ಒಂದು ಹೂವಿನ ಹೆಸರನ್ನು ಬೇರೊಂದಾಗಿ ಅರ್ಥಮಾಡಿದರೆ ಪದ್ಯದ ಸೊಗಸು ಕೆಟ್ಟೀತು. ವೈದ್ಯದಲ್ಲಿ ಹಾಗಾದರೆ ಗ್ರಂಥವನ್ನು ನಂಬಿ ಔಷಧ ಸಿದ್ಧಪಡಿಸುವವನಿಗೂ ಅದನ್ನು ಸೇವಿಸುವವನಿಗೂ ಅಪಾಯ. ಆದರೂ ಮುದ್ರಿತ ಆವೃತ್ತಿಗಳ ಕೊನೆಯ ಶಬ್ದಸೂಚಿಯಲ್ಲಿ ಸಂಸ್ಕೃತನಾಮದ ಎದುರಿಗೆ ಒಂದು ಲ್ಯಾಟಿನ್ ಹೆಸರನ್ನು ಬರೆದು ಕೆಲಸ ಮುಗಿಯಿತೆಂದು ಭಾವಿಸುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ. ಈ ರೂಢಿ ಎಷ್ಟರ ಮಟ್ಟಿಗೆ ವಿಶ್ವಾಸಾರ್ಹ ಎಂಬುದನ್ನು ತುವರಕವೆಂಬ ಒಂದೇ ವೃಕ್ಷದ ಇತಿಹಾಸದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. ಅಮರಕೋಶದಲ್ಲಿ ತುವರವೆಂಬುದು ಕಷಾಯರಸದ ಪರ್ಯಾಯ. ಎಂದರೆ ನಾವು ಒಗರು ಎನ್ನುವ ರುಚಿ. ತುವರಿ ಎಂದರೆ ಆಢಕಿ, ನಮ್ಮ ತೊಗರಿ. ಅದೇ ತುವರಿ ರಸಶಾಸ್ತ್ರದಲ್ಲಿ ಸೌರಾಷ್ಟ್ರೀ ಎಂಬ ಮೃತ್ತಿಕೆ. ಪಟಿಕದ ವರ್ಗಕ್ಕೆ ಸೇರಿದ ದ್ರವ್ಯ. ಇವಲ್ಲದೆ ಕುಷ್ಠಹರವಾದ ಎಣ್ಣೆಯನ್ನು ಕೊಡುವ ತುವರಕವೃಕ್ಷ ಬೇರೆ. ರುಚಿ, ಧಾನ್ಯ, ಮಣ್ಣು, ಮರ ಈ ನಾಲ್ಕೂ ಒಂದೇ ಶಬ್ದದ ಸುತ್ತ ನೆರೆದಿವೆ. ಕನ್ನಡ ಓಲೆಪ್ರತಿಗಳಲ್ಲಿ ಇಕಾರದ ಹ್ರಸ್ವದೀರ್ಘಗಳನ್ನು ಸಾಮಾನ್ಯವಾಗಿ ಬೇರ್ಪಡಿಸಿ ಬರೆಯುವುದಿಲ್ಲ. ನಾಗರೀ ಪ್ರತಿಗಳಲ್ಲಿ ಬಕಾರ ವಕಾರಗಳು ಬೆರೆಯುತ್ತವೆ. ಸಮಾಸದ ನಡುವೆ ಕೇವಲ ‘ತುವರ’ ಎಂದು ನಿಂತಾಗ ಅದನ್ನು ಯಾವ ಅರ್ಥಕ್ಕೆ ಒಯ್ಯಬೇಕೆಂಬುದನ್ನು ಅಕ್ಷರಗಳು ಹೇಳಲಾರವು. ಪ್ರಕರಣವೇ ಹೇಳಬೇಕು.

ಆ ಪ್ರಕರಣ ಅತ್ಯಂತ ಸ್ಪಷ್ಟವಾಗಿ ದೊರೆಯುವುದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 13ನೆಯ ಅಧ್ಯಾಯದಲ್ಲಿ. ಅಧ್ಯಾಯ ಮಧುಮೇಹಚಿಕಿತ್ಸೆಯದು, ಶಿಲಾಜತು ಮೊದಲಾದವುಗಳ ಅನಂತರ ತುವರಕಕಲ್ಪ ಬರುತ್ತದೆ. ಪಶ್ಚಿಮಸಮುದ್ರದ ತೀರಭೂಮಿಯಲ್ಲಿ, ಕಡಲ ಗಾಳಿ ಬೀಸುವೆಡೆಯಲ್ಲಿ ಈ ಮರಗಳು ಬೆಳೆಯುತ್ತವೆಂದು ಆಚಾರ್ಯರು ಸ್ಥಳನಿರ್ದೇಶ ಮಾಡುತ್ತಾರೆ. ಮಳೆಗಾಲದ ಆರಂಭದಲ್ಲಿ ಪಕ್ವಫಲಗಳನ್ನು ಸಂಗ್ರಹಿಸಿ, ಬೀಜದ ತಿರುಳನ್ನು ತೆಗೆದು ಒಣಗಿಸಿ, ಕುಟ್ಟಿ, ಎಳ್ಳಿನಂತೆ ಗಾಣದಲ್ಲಿ ಹಿಂಡಬೇಕು ಅಥವಾ ಕುಸುಬೆಯ ಎಣ್ಣೆಯನ್ನು ತೆಗೆಯುವ ಕ್ರಮದಲ್ಲಿ ತೆಗೆಯಬೇಕು. ನೀರಿನಂಶ ಆರುವವರೆಗೆ ಕಾಸಿ, ಒಣಗೊಬ್ಬರದ ರಾಶಿಯಲ್ಲಿ ಒಂದು ಪಕ್ಷ ಹೂತಿಡಬೇಕು. ಸ್ನೇಹಸ್ವೇದಗಳಿಂದ ದೇಹವನ್ನು ಅಣಿಗೊಳಿಸಿದ ರೋಗಿಗೆ ಶುಕ್ಲಪಕ್ಷದ ಶುಭದಿನದಲ್ಲಿ ಮಂತ್ರಪೂರ್ವಕವಾಗಿ ಕುಡಿಸಬೇಕು. ಎಣ್ಣೆ ಮೇಲೂ ಕೆಳಗೂ ದೋಷಗಳನ್ನು ಹೊರಹಾಕುತ್ತದೆ. ಸಂಜೆ ಎಣ್ಣೆಯುಪ್ಪುಗಳಿಲ್ಲದ ತಣ್ಣನೆಯ ಗಂಜಿ. ಹೀಗೆ ಐದು ದಿನ. ಅನಂತರ ಒಂದು ಪಕ್ಷ ಹೆಸರುಬೇಳೆಯ ಕಟ್ಟಿನೊಡನೆ ಅನ್ನದ ಪಥ್ಯ. ಖದಿರಕಷಾಯದಲ್ಲಿ ಪುನಃ ಪಾಕ ಮಾಡಿದ ಎಣ್ಣೆಯ ಇನ್ನೊಂದು ವಿಧಾನವೂ, ತಿರುಳನ್ನು ಸುಟ್ಟು ಅಂಜನವಾಗಿ ಬಳಸುವ ನೇತ್ರಚಿಕಿತ್ಸೆಯೂ ಅಲ್ಲಿಯೇ ಇವೆ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದ ರಸಾಯನಾಧ್ಯಾಯದಲ್ಲಿ ಈ ಕಲ್ಪವನ್ನು ಪುನಃ ಹೇಳುತ್ತಾನೆ. ಹಿಂಡುವ ಕ್ರಮ, ಹೂತಿಡುವ ಅವಧಿ, ಬೆಳೆಯುವ ನೆಲ ಇವೆಲ್ಲವನ್ನೂ ಹೇಳುವ ಇಂಥ ವರ್ಣನೆ ನಮ್ಮ ನಿಘಂಟುಗಳಲ್ಲಿ ವಿರಳ. ನಿಘಂಟುಕಾರರು ಪರ್ಯಾಯಪದಗಳನ್ನು ಪೋಣಿಸಿ ಗುಣಗಳನ್ನು ಹೇಳಿ ಮುಂದೆ ಸಾಗುತ್ತಾರೆ. ಮರವನ್ನು ಕಂಡವರ ಮಾತು ಸಂಹಿತೆಯಲ್ಲಿದೆ.

ಪಶ್ಚಿಮತೀರದ ಈ ಮರ ಇಂದಿನ ಸಸ್ಯಶಾಸ್ತ್ರದ ಹಿಡ್ನೊಕಾರ್ಪಸ್ ಕುಲಕ್ಕೆ ಸೇರಿದುದು. ಆ ಕುಲವನ್ನು 1788ರಲ್ಲಿ ಜರ್ಮನ್ ವಿದ್ವಾಂಸ ಗೇರ್ಟ್ನರ್ ಫಲಬೀಜಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು. ಗ್ರೀಕ್ ಭಾಷೆಯಲ್ಲಿ ಹಿಡ್ನೊನ್ ಎಂದರೆ ನೆಲದೊಳಗೆ ಗೆಡ್ಡೆಯಂತೆ ಬೆಳೆಯುವ ಒಂದು ಬಗೆಯ ಅಣಬೆ, ಕಾರ್ಪೋಸ್ ಎಂದರೆ ಹಣ್ಣು. ಒರಟಾದ ಗುಂಡುಹಣ್ಣಿನ ರೂಪದಿಂದ ಬಂದ ಹೆಸರು. ಗೇರ್ಟ್ನರನು ವರ್ಣಿಸಿದ ಸಿಂಹಳದ ಪ್ರಭೇದಕ್ಕೆ ವೆನೆನೇಟಾ, ಎಂದರೆ ವಿಷಯುಕ್ತ, ಎಂಬ ವಿಶೇಷಣ ಸಂದಿತು. ಔಷಧವೃಕ್ಷಗಳ ಕುಲವೊಂದು ಪಾಶ್ಚಾತ್ಯಶಾಸ್ತ್ರದೊಳಗೆ ವಿಷದ ಹೆಸರಿನಿಂದ ಪ್ರವೇಶಿಸಿತೆಂಬುದು ಗಮನಾರ್ಹ. ಉಷ್ಣವಲಯದ ಏಷ್ಯದಲ್ಲಿ ಹರಡಿರುವ ಈ ಕುಲದಲ್ಲಿ ಸುಮಾರು 40 ಪ್ರಭೇದಗಳಿವೆ. ಸಾಮಾನ್ಯವಾಗಿ ಗಂಡು ಹೆಣ್ಣು ಮರಗಳು ಬೇರೆ ಬೇರೆ. ಹೂವು ಚಿಕ್ಕದು, ಹಸುರುಬಿಳುಪಿನದು. ಗಟ್ಟಿ ಸಿಪ್ಪೆಯ ಹಣ್ಣಿನೊಳಗೆ ತಿರುಳಿನಲ್ಲಿ ಹುದುಗಿದ ಕೋನಾಕೃತಿಯ ಅನೇಕ ಬೀಜಗಳು. ಹಿಂದೆ ಇದನ್ನು ಫ್ಲಕೂರ್ಷಿಯೇಸೀ ಕುಟುಂಬದಲ್ಲಿ ಎಣಿಸುತ್ತಿದ್ದರು. ಈ ಶತಮಾನದ ಆರಂಭದ ಅಣುವಂಶೀಯ ಅಧ್ಯಯನಗಳ ಅನಂತರ ಅಕೇರಿಯೇಸೀ ಕುಟುಂಬಕ್ಕೆ ಸೇರಿಸಲಾಗಿದೆ.

ಸಹ್ಯಾದ್ರಿಯ ಪ್ರಭೇದವನ್ನು ಕನ್ನಡನಾಡಿನಲ್ಲಿ ಗರುಡಫಲ, ಸುರಂಟಿ, ತೊರಟ್ಟಿ ಎನ್ನುತ್ತಾರೆ, ಮಲೆಯಾಳದಲ್ಲಿ ಮರೋಟ್ಟಿ. ಅಲ್ಲಿ ಅದರ ಹಣ್ಣಿನ ಒಡಕು ಚಿಪ್ಪುಗಳನ್ನೇ ಹಣತೆಗಳನ್ನಾಗಿ ಉರಿಸುವ ವಾಡಿಕೆಯೂ ಉಂಟು. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡನು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಿಂದ 12 ಸಂಪುಟಗಳಲ್ಲಿ ಪ್ರಕಟಿಸಿದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಮೊದಲ ಸಂಪುಟದಲ್ಲಿ ಈ ಮರೋಟ್ಟಿಯ ಚಿತ್ರವಿದೆ. ಹಸ್ತಪ್ರತಿಗಳ ಅಧ್ಯಯನ ಮಾಡುವವರಿಗೆ ಆ ಗ್ರಂಥ ಬೇರೊಂದು ಕಾರಣದಿಂದ ಅಮೂಲ್ಯ. ಇಟ್ಟಿ ಅಚ್ಯುತನೆಂಬ ಮಲೆಯಾಳದ ವೈದ್ಯನು ತನ್ನ ಮನೆತನದ ಓಲೆಗ್ರಂಥದಿಂದ ಮಾಹಿತಿ ಹೇಳಿದನು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ನೆರವಾದರು. 1675ರ ಏಪ್ರಿಲ್‌ನಲ್ಲಿ ಅವರು ಬರೆದುಕೊಟ್ಟ ಪ್ರಮಾಣಪತ್ರಗಳು, ಒಂದು ಕೋಲೆಳುತ್ತು ಲಿಪಿಯಲ್ಲಿ, ಇನ್ನೊಂದು ನಾಗರಿಯಲ್ಲಿ, ಹಾಗೆಯೇ ಅಚ್ಚಾಗಿವೆ. ಮಾಹಿತಿ ಕೊಟ್ಟವರ ಹೆಸರನ್ನೂ ಕೈಬರಹವನ್ನೂ ಉಳಿಸಿಕೊಂಡ ಈ ಎಚ್ಚರ ಅನಂತರದ ಬಹುತೇಕ ಗ್ರಂಥಗಳಲ್ಲಿ ಕಾಣದು.

ರೀಡನ ಆ ಒಂದು ಚಿತ್ರದಿಂದಲೇ ಹೆಸರುಗಳ ಸಾಲು ಹುಟ್ಟಿತು. 1818ರಲ್ಲಿ ಡೆನ್‌ಸ್ಟೆಟ್ ಒಂದು ಹೆಸರನ್ನೂ, 1822ರಲ್ಲಿ ಬುಕಾನನ್ ಹ್ಯಾಮಿಲ್ಟನ್ ಇನ್ನೊಂದನ್ನೂ ಕೊಟ್ಟರು. ಬ್ಲೂಮನು ವೈಟ್ ಎಂಬ ದಕ್ಷಿಣಭಾರತದ ಸಸ್ಯತಜ್ಞನ ನೆನಪಿಗೆ ವೈಟಿಯಾನಾ ಎಂದನು. ಡೆನ್‌ಸ್ಟೆಟ್ಟನ ಪದವನ್ನು ಆಧರಿಸಿ ಸ್ಲ್ಯೂಮರನು ಲಾರಿಫೋಲಿಯಾ ಎಂದನು. ಇಂದು ಸಾಮಾನ್ಯವಾಗಿ ಅಂಗೀಕೃತವಾಗಿರುವುದು ಹಿಡ್ನೊಕಾರ್ಪಸ್ ಪೆಂಟಾಂಡ್ರಸ್. ಐದು ಕೇಸರಗಳುಳ್ಳದು ಎಂದರ್ಥ. ನಮ್ಮ ಮುದ್ರಿತ ವೈದ್ಯಗ್ರಂಥಗಳ ಅನುಬಂಧಗಳಲ್ಲಿ ಈ ಮೂರು ಹೆಸರುಗಳನ್ನು ಮೂರು ಮರಗಳೆಂದು ಓದುವವರಿದ್ದಾರೆ. ಮರ ಒಂದೇ.

ಇಷ್ಟು ಗೊಂದಲ ಸಹ್ಯವೇ. ಅದಕ್ಕಿಂತ ಗಂಭೀರವಾದ ತಪ್ಪು ಬಂಗಾಳದಲ್ಲಿ ನಡೆಯಿತು. ಕಲಕತ್ತೆಯ ಅಂಗಡಿಗಳಲ್ಲಿ ಚಾಲ್ಮೂಗ್ರಾ ಎಂಬ ಬೀಜ ಕುಷ್ಠದ ಔಷಧವಾಗಿ ಮಾರಾಟವಾಗುತ್ತಿತ್ತು. ರಾಕ್ಸ್‌ಬರ್ಗನು ಆ ಬೀಜದ ಮರವೆಂದು ಒಂದನ್ನು ಗುರುತಿಸಿ ಚಾಲ್ಮೂಗ್ರಾ ಓಡೊರೇಟಾ ಎಂದು ಕರೆದನು. ಮುಂದೆ ಅದು ಗೈನೊಕಾರ್ಡಿಯಾ ಓಡೊರೇಟಾ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1854ರಲ್ಲಿ ಕಲಕತ್ತೆಯ ವೈದ್ಯ ಮೌಆಟ್ ಈ ಎಣ್ಣೆಯ ಗುಣವನ್ನು ಪ್ರಕಟಪಡಿಸಿದ ಮೇಲೆ ಯುರೋಪಿನಲ್ಲಿಯೂ ಬೇಡಿಕೆ ಹುಟ್ಟಿತು; ಎಲ್ಲೆಡೆಯೂ ಗೈನೊಕಾರ್ಡಿಯಾ ಎಂದೇ ಬರೆದುಕೊಂಡರು. ಪೇಟೆಯ ನಿಜವಾದ ಬೀಜ ಆ ಮರದ್ದಲ್ಲ, ಬರ್ಮಾ ಅಸ್ಸಾಮುಗಳ ಕಡೆಯ ಟರಾಕ್ಟೊಜೆನಾಸ್ ಕುರ್ಜಿಯದು ಎಂದು ಡೇವಿಡ್ ಪ್ರೇನ್ ತೋರಿಸಿದ್ದು 20ನೆಯ ಶತಮಾನದ ಹೊಸ್ತಿಲಲ್ಲಿ. ಆ ಮರವನ್ನು ಈಗ ಹಿಡ್ನೊಕಾರ್ಪಸ್ ಕುಲದಲ್ಲಿಯೇ ಸೇರಿಸುತ್ತಾರೆ. 1904ರಲ್ಲಿ ಲಂಡನ್ನಿನ ಪವರ್ ಮತ್ತು ಸಂಗಡಿಗರು ಅದರ ಎಣ್ಣೆಯಿಂದ ಚಾಲ್ಮೂಗ್ರಿಕ್ ಆಮ್ಲವನ್ನು ಬೇರ್ಪಡಿಸಿದರು. ಮರುವರ್ಷ ನಮ್ಮ ಗರುಡಫಲದ ಎಣ್ಣೆಯಲ್ಲಿಯೂ ಅದೇ ಆಮ್ಲ, ಜೊತೆಗೆ ಹಿಡ್ನೊಕಾರ್ಪಿಕ್ ಆಮ್ಲ ಇರುವುದು ತಿಳಿಯಿತು. ಗೈನೊಕಾರ್ಡಿಯಾದ ಎಣ್ಣೆಯಲ್ಲಿ ಇವಾವುವೂ ಇರಲಿಲ್ಲ. ಅದರ ಬೀಜದಲ್ಲಿ ದೊರೆತದ್ದು ಸಯನೈಡ್ ವಿಷವನ್ನು ಬಿಡುಗಡೆ ಮಾಡುವ ಗೈನೊಕಾರ್ಡಿನ್. ಸುಮಾರು ಒಂದು ಶತಮಾನ ಕಾಲ ಶಾಸ್ತ್ರಗ್ರಂಥಗಳು ಔಷಧದ ಹೆಸರಿನಡಿಯಲ್ಲಿ ಬೇರೊಂದು ಮರವನ್ನು ತೋರಿಸುತ್ತಿದ್ದವು.

ಇಲ್ಲಿ ನಮ್ಮವರ ಪಾಲೂ ಇದೆ. ಪೂರ್ವದ ಬೆಟ್ಟಗಳ ಗೈನೊಕಾರ್ಡಿಯಾವನ್ನೇ ತುವರಕವೆಂದು ಬರೆದ ಪುಸ್ತಕಗಳು ಬಂದವು. ಪಶ್ಚಿಮಸಮುದ್ರವೆಂಬ ಸುಶ್ರುತನ ಒಂದು ಪದವನ್ನು ಗಮನಿಸಿದ್ದರೆ ಆ ಸಮೀಕರಣ ಸಾಧ್ಯವೇ ಆಗುತ್ತಿರಲಿಲ್ಲ. ದೇಶವಾಚಕ ವಿಶೇಷಣಗಳನ್ನು ಕವಿಸಮಯವೆಂದು ತಳ್ಳಿಹಾಕುವ ಪರಿಷ್ಕರಣಕಾರರು ಈ ನಿದರ್ಶನವನ್ನು ಮರೆಯಬಾರದು.

ಎಣ್ಣೆಯ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕುಡಿದರೆ ಓಕರಿಕೆ, ಚುಚ್ಚಿದರೆ ಮಂದವಾದ ಎಣ್ಣೆ ಚರ್ಮದಡಿಯಲ್ಲಿ ಗಂಟುಕಟ್ಟುವುದು. ಈ ತೊಂದರೆಯನ್ನು 1915-16ರಲ್ಲಿ ಹವಾಯಿಯ ಆಲಿಸ್ ಬಾಲ್ ಎಂಬ ತರುಣ ರಸಾಯನವಿಜ್ಞಾನಿ ಆಮ್ಲಗಳನ್ನು ಈಥೈಲ್ ಎಸ್ಟರ್‌ಗಳನ್ನಾಗಿ ಮಾಡಿ ನಿವಾರಿಸಿದಳು. ಆಕೆ 1916ರಲ್ಲಿ 24ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ಬಹುಕಾಲದ ಅನಂತರವಷ್ಟೇ ಆಕೆಗೆ ಮನ್ನಣೆ ದೊರೆತದ್ದು. ಲಿಪಿಕಾರನ ಹೆಸರುಳ್ಳ ಕೊನೆಯ ಗರಿ ಕಳೆದುಹೋದ ಪ್ರತಿಗಳನ್ನು ಕಂಡ ನಮಗೆ ಇದು ಅಪರಿಚಿತವಾದ ಸಂಗತಿಯಲ್ಲ. 1941ರಿಂದ ಅಮೆರಿಕೆಯ ಕಾರ್ವಿಲ್‌ನಲ್ಲಿ ಸಲ್ಫೋನ್ ಔಷಧಗಳ ಪ್ರಯೋಗ ಸಫಲವಾದ ಮೇಲೆ ಈ ಎಣ್ಣೆ ಹಿಂದೆ ಸರಿಯಿತು. ಈಗ ಕುಷ್ಠರೋಗ ಬಹು ಔಷಧ ಚಿಕಿತ್ಸೆಯಿಂದ ಪೂರ್ಣವಾಗಿ ಗುಣವಾಗುತ್ತದೆ; ಹಳೆಯ ಕಲ್ಪವನ್ನು ಅದರ ಬದಲಿಗೆ ಯಾರೂ ಪ್ರಯೋಗಿಸಬಾರದು. ಆಯುರ್ವೇದದ ಕುಷ್ಠಶಬ್ದವಾದರೋ 18 ಬಗೆಯ ಚರ್ಮವ್ಯಾಧಿಗಳನ್ನು ಒಳಗೊಂಡದ್ದು. ಗ್ರಂಥದಲ್ಲಿ ಕುಷ್ಠವೆಂದಿರುವಲ್ಲೆಲ್ಲ ಹ್ಯಾನ್ಸನ್ 1873ರಲ್ಲಿ ಕಂಡ ರೋಗಾಣುವಿನ ವ್ಯಾಧಿಯನ್ನೇ ತಿಳಿಯುವುದು ಸರಿಯಲ್ಲ.

ಜೈನ ವೈದ್ಯಗ್ರಂಥಗಳ ದೃಷ್ಟಿಯಿಂದ ಎರಡು ಮಾತು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೂ, ಪೂಜ್ಯಪಾದರದೆಂದು ಪ್ರಸಿದ್ಧವಾದ ಗ್ರಂಥವನ್ನು ಆಧರಿಸಿ ಜಗದ್ದಳ ಸೋಮನಾಥನು ರಚಿಸಿದ ಕರ್ಣಾಟಕ ಕಲ್ಯಾಣಕಾರಕವೂ ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ದೂರವಿರಿಸುತ್ತವೆ. ಸಂಹಿತೆಗಳ ತುವರಕರಸಾಯನದಲ್ಲಿಯಾದರೋ ಒಂದು ಘಟ್ಟದಲ್ಲಿ ಜೇನು ತುಪ್ಪಗಳ ಅನುಪಾನವೂ ಮಾಂಸರಸದ ಆಹಾರವೂ ವಿಹಿತವಾಗಿವೆ. ಆದ್ದರಿಂದ ಕರ್ತೃ ತಿಳಿಯದ ವೈದ್ಯಸಂಗ್ರಹದ ಓಲೆಯಲ್ಲಿ ಈ ಕಲ್ಪ ದೊರೆತಾಗ, ಆ ಘಟ್ಟವನ್ನು ಬಿಟ್ಟಿದೆಯೇ, ಇಟ್ಟಿದೆಯೇ, ಜೇನಿನ ಸ್ಥಾನದಲ್ಲಿ ಬೆಲ್ಲ ಸಕ್ಕರೆಗಳು ಬಂದಿವೆಯೇ ಎಂದು ನೋಡುವುದು ಸಂಕಲನಕಾರನ ಸಂಪ್ರದಾಯವನ್ನು ಗುರುತಿಸಲು ಒಳ್ಳೆಯ ಒರೆಗಲ್ಲು. ಎರಡನೆಯದು ಗರುಡಫಲವೆಂಬ ಹೆಸರು. ಮಂಗರಾಜನ ಖಗೇಂದ್ರಮಣಿದರ್ಪಣದಿಂದ ಪರಿಚಿತವಾದ ವಿಷವೈದ್ಯದ ಪರಂಪರೆಯಲ್ಲಿ ಗರುಡಶಬ್ದ ಬಂದೊಡನೆ ಸರ್ಪವಿಷಹರವೆಂಬ ಭಾವನೆ ಮೂಡುವುದು ಸಹಜ. ಆದರೆ ಸಂಹಿತೆಗಳಲ್ಲಿ ತುವರಕದ ಪ್ರಯೋಜನ ಕುಷ್ಠ, ಮಧುಮೇಹ, ನೇತ್ರರೋಗಗಳಲ್ಲಿ. ಹೆಸರಿನ ಸಾಮ್ಯದಿಂದ ಅದನ್ನು ವಿಷಚಿಕಿತ್ಸೆಯ ಯೋಗಗಳಿಗೆ ಎಳೆದುತರಲಾಗದು.

ಪಾಠನಿರ್ಣಯದಲ್ಲಿ ಉಪಯೋಗಕ್ಕೆ ಬರುವ ಕ್ರಮ ಕಠಿಣವೇನೂ ಅಲ್ಲ. ತುವರಶಬ್ದ ಮಧುರ, ಆಮ್ಲ, ತಿಕ್ತಗಳ ಸಾಲಿನಲ್ಲಿದ್ದರೆ ರುಚಿ. ಹೆಸರು, ಹುರುಳಿಗಳೊಡನೆ ಬಂದರೆ ತೊಗರಿ. ಕಾಸೀಸ, ಹರಿತಾಳಗಳ ಪಕ್ಕದಲ್ಲಿದ್ದರೆ ಮೃತ್ತಿಕೆ. ಮಜ್ಜೆ, ತೈಲ, ಖದಿರಗಳ ಪ್ರಸ್ತಾಪವಿದ್ದರೆ ಸಹ್ಯಾದ್ರಿಯ ಮರ. ಅನುಬಂಧದಲ್ಲಿ ಲ್ಯಾಟಿನ್ ಹೆಸರನ್ನು ಕೊಡುವಾಗ ಅದನ್ನು ಕೊಟ್ಟವನ ಹೆಸರನ್ನೂ ಜೊತೆಗೆ ನಮೂದಿಸಿ, ಹಳೆಯ ಲಾರಿಫೋಲಿಯಾ, ವೈಟಿಯಾನಾಗಳನ್ನು ಪರ್ಯಾಯವೆಂದೇ ಸೂಚಿಸಿದರೆ ಮುಂದಿನ ಓದುಗನಿಗೆ ಮೂರು ಮರಗಳನ್ನು ಹುಡುಕುವ ಶ್ರಮ ತಪ್ಪುತ್ತದೆ.