ಹತ್ತಿಯ ಬೀಜಕ್ಕೆ ಒಡೆಯರು

ಹಾನಗಲ್ಲು, ಹಿರೇಕೆರೂರುಗಳ ಕೆರೆಯಡಿಯ ಗದ್ದೆಗಳನ್ನು ಬಿಟ್ಟು ಶಿಗ್ಗಾಂವಿಯ ಮಾರ್ಗವಾಗಿ ಸವಣೂರಿನ ಎರೆಭೂಮಿಯನ್ನು ತುಳಿದವನಿಗೆ, ನವೀನ ತಂತ್ರವಿದ್ಯೆಯೂ ಕಂಪನಿಗಳ ಪೈಪೋಟಿಯೂ ಈ ಸೀಮೆಗೆ ನಿನ್ನೆ ಮೊನ್ನೆ ಬಂದುವಲ್ಲವೆಂಬುದನ್ನು ಹತ್ತಿಯೊಂದೇ ಹೇಳಬಲ್ಲುದು.

1840ರ ದಶಕದಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳ ಹಸಿವನ್ನು ತಣಿಸಲೆಂದು ಕುಂಪಣಿ ಸರಕಾರವು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದ ನ್ಯೂ ಆರ್ಲಿಯನ್ಸ್ ಬೀಜವು 'ಧಾರವಾಡ-ಅಮೆರಿಕನ್' ಎಂಬ ಹೆಸರಿನಿಂದ ನೆಲೆಯೂರಿದಾಗ, ಅದರ ಎಳೆಯು ಕಾಳಿಗೆ ಬಿಗಿಯಾಗಿ ಅಂಟಿರುತ್ತಿದ್ದುದರಿಂದ, ಅದುವರೆಗೆ ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಅಂಗಾಲಿನಿಂದ ಉರುಳಿಸಿ ಅರಳೆಯನ್ನು ಬೇರ್ಪಡಿಸುತ್ತಿದ್ದ ಹೆಂಗಸರ ಕೌಶಲವು ಸಾಲದಾಗಿ, ಗರಗಸದ ಹಲ್ಲಿನ ಯಂತ್ರಗಳು ಬಂದುವು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಗಿ ಬೆಲೆ ಗಗನಕ್ಕೇರಿತು. ಯುದ್ಧ ಮುಗಿಯುತ್ತಲೇ ಕುಸಿಯಿತು.

1972ರಲ್ಲಿ ಧಾರವಾಡದ ಸಂಶೋಧಕರು ನೀಡಿದ 'ವರಲಕ್ಷ್ಮಿ' ಸಂಕರತಳಿಯಾದರೋ ನಮ್ಮವರದೇ ಸಾಧನೆ. ಅದನ್ನು ನೆನೆದಾಗ ಈಗಲೂ ನನಗೆ ಅಭಿಮಾನವುಕ್ಕುತ್ತದೆ. ಸಂಜೆ ಮೊಗ್ಗಿನ ಕೇಸರಗಳನ್ನು ಉಗುರಿನಿಂದ ಸುಲಿದು, ಮರುದಿನ ಬೆಳಗ್ಗೆ ಗಂಡುತಳಿಯ ಹೂವಿನ ಪರಾಗವನ್ನು ಸವರುವ 'ಕ್ರಾಸಿಂಗ್' ಕೆಲಸದಲ್ಲಿ ಎಷ್ಟು ಬೆರಳುಗಳು ಸವೆದುವೋ! ಆದರೆ ಸಂಕರದ ಬೆಳೆಯಿಂದ ತೆಗೆದಿಟ್ಟ ಕಾಳು ಮರುವರ್ಷ ತಾಯಿಯ ಗುಣವನ್ನು ಉಳಿಸಿಕೊಳ್ಳದಾದುದರಿಂದ, ಮನೆಯ ಬೀಜದ ಮಡಕೆಯು ಬರಿದಾಗಿ ರೈತನು ಅಂಗಡಿಗೆ ಹೋಗಬೇಕಾಯಿತು.

2002ರಲ್ಲಿ ಮಹಿಕೊ-ಮೊನ್ಸಾಂಟೊದ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಒಡೆತನವು ಕಾಳಿನೊಳಗಿನ ಜೀನಿನವರೆಗೂ ಇಳಿಯಿತು. ಅದರ ರಾಯಧನ, ಪೇಟೆಂಟುಗಳ ಸಲುವಾಗಿ ಮೊನ್ಸಾಂಟೊ, ನೂಜಿವೀಡು ಬೀಜ ಕಂಪನಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡುತ್ತಿದ್ದಾಗಲೇ, 2018ರಲ್ಲಿ ಮೊನ್ಸಾಂಟೊವನ್ನೇ ಜರ್ಮನಿಯ ಬೇಯರ್ ಕೊಂಡುಕೊಂಡಿತು. ಮುಂಗಾರಿನ ಮೊದಲ ಮಳೆಗೆ ಸವಣೂರಿನ ರೈತನು ಮಾತ್ರ, ಎಂದಿನಂತೆ, ಬೀಜದ ಪೊಟ್ಟಣಕ್ಕೆ ಹಣ ಹೊಂದಿಸುತ್ತಿದ್ದನು.