ಮರುವಲಸೆ: ವಿದೇಶದಿಂದ ಹೊಣಕೆರೆ–ನಾಗಮಂಗಲ ಸೀಮೆಗೆ

ಮರುವಲಸೆ: ಓದು, ದುಡಿಮೆ ಅಥವಾ ಕುಟುಂಬದ ಕಾರಣಕ್ಕೆ ಹಲವು ವರ್ಷ ಪರದೇಶದಲ್ಲಿ ನೆಲೆಸಿದವರು ತಾಯ್ನಾಡಿಗೆ ಬಂದು ಮತ್ತೆ ಬೇರೂರುವ ಪ್ರಕ್ರಿಯೆ. ರಜೆಯಲ್ಲಿ ಊರಿಗೆ ಬಂದು ಹೋಗುವುದು ಮರುವಲಸೆಯಲ್ಲ. ಮನೆ, ದುಡಿಮೆ, ಮಕ್ಕಳ ಶಾಲೆ, ತೆರಿಗೆ, ಮತದಾನ ಇವೆಲ್ಲ ಊರಿನ ಲೆಕ್ಕಕ್ಕೆ ಬಂದಾಗಲೇ ಅದು ಪೂರ್ಣಗೊಳ್ಳುತ್ತದೆ. ಕರ್ನಾಟಕದಲ್ಲಿ ಇದು ಕರಾವಳಿಯ ಕೊಲ್ಲಿ ವಲಸಿಗರಲ್ಲಿಯೂ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ವಲಯದಲ್ಲಿಯೂ ಎದ್ದು ಕಾಣುತ್ತದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲೂಕುಗಳಲ್ಲಿ ಅದರ ಸ್ವರೂಪ ಬೇರೆ. ಇಲ್ಲಿ ಊರಿಗೆ ಮರಳುವುದೆಂದರೆ ಬಹುಮಟ್ಟಿಗೆ ಜಮೀನಿಗೆ ಮರಳುವುದು.

ಅಧ್ಯಯನದ ಹಿನ್ನೆಲೆ

ಪ್ರತಿಯೊಂದು ದೊಡ್ಡ ವಲಸೆಯೂ ತನಗೆ ಎದುರಾದ ಹರಿವೊಂದನ್ನು ಹುಟ್ಟಿಸುತ್ತದೆ ಎಂದು ಇ. ಜಿ. ರಾವೆನ್‌ಸ್ಟೈನ್ 1885ರಲ್ಲಿಯೇ ಗುರುತಿಸಿದ್ದ. ಅಮೆರಿಕದಿಂದ ದಕ್ಷಿಣ ಇಟಲಿಗೆ ಹಿಂದಿರುಗಿದವರನ್ನು ಅಧ್ಯಯನ ಮಾಡಿದ ಫ್ರಾನ್ಸೆಸ್ಕೊ ಚೆರಾಜೆ 1974ರಲ್ಲಿ ಮರುವಲಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ: ಪರದೇಶದಲ್ಲಿ ನೆಲೆಯೂರಲಾಗದೆ ಮರಳುವುದು, ದುಡಿದ ಹಣದಿಂದ ಊರಲ್ಲಿ ಹೊಲ ಮನೆ ಮಾಡಿಕೊಂಡು ಹಿಂದಿನ ಬದುಕನ್ನೇ ಮುಂದುವರಿಸಲು ಮರಳುವುದು, ಮುಪ್ಪಿನಲ್ಲಿ ವಿಶ್ರಾಂತಿಗೆ ಮರಳುವುದು, ಕಲಿತದ್ದನ್ನು ಊರಿನಲ್ಲಿ ಪ್ರಯೋಗಿಸಲು ಮರಳುವುದು. ಮರಳಿದವರ ಮನಸ್ಸಿನ ಏರಿಳಿತದ ಬಗ್ಗೆಯೂ ಸಂಶೋಧನೆ ನಡೆದಿದೆ. ಪರದೇಶಕ್ಕೆ ಹೋದಾಗ ಆಗುವಂಥದೇ ಇನ್ನೊಂದು ಆಘಾತ ಹಿಂದಿರುಗಿದಾಗಲೂ ಆಗುತ್ತದೆ ಎಂಬುದನ್ನು ಗಲಹಾರ್ನ್ ದಂಪತಿ 1963ರಲ್ಲಿ ವಿವರಿಸಿದರು. ಬಿಟ್ಟುಹೋದ ಊರು ಇದ್ದಂತೆಯೇ ಇರುವುದಿಲ್ಲ, ಮರಳಿದವರೂ ಹೋದಾಗಿನಂತೆ ಇರುವುದಿಲ್ಲ ಎಂಬುದೇ ಈ ಆಘಾತದ ಮೂಲ.

ಚರಿತ್ರೆ

ಮೋಹನದಾಸ ಗಾಂಧಿ ದಕ್ಷಿಣ ಆಫ್ರಿಕದಿಂದ ಭಾರತಕ್ಕೆ ಮರಳಿದ್ದು 1915ರ ಜನವರಿ 9ರಂದು. ಅದರ ನೆನಪಿಗಾಗಿ ಜನವರಿ 9ನ್ನು ಪ್ರವಾಸಿ ಭಾರತೀಯ ದಿವಸವಾಗಿ ಆಚರಿಸಲಾಗುತ್ತದೆ. 2017ರಲ್ಲಿ ಈ ಸಮಾವೇಶ ಬೆಂಗಳೂರಿನಲ್ಲಿ ನಡೆಯಿತು.

ಸ್ವಾತಂತ್ರ್ಯದ ಆಸುಪಾಸಿನ ದಶಕಗಳಲ್ಲಿ ವಿದೇಶಕ್ಕೆ ಓದಲು ಹೋದ ಹಲವು ಕನ್ನಡಿಗರಿಗೆ ಮರಳುವುದು ಸಹಜ ಕರ್ತವ್ಯವಾಗಿತ್ತು. ತುಮಕೂರು ಸೀಮೆಯ ರಾಜಾ ರಾಮಣ್ಣ ಲಂಡನ್‌ನಲ್ಲಿ ಡಾಕ್ಟರೇಟ್ ಮುಗಿಸಿ 1949ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನ ಹುದ್ದೆಯನ್ನು ಬಿಟ್ಟು 1951ರಲ್ಲಿ ಬರೋಡಕ್ಕೆ ಬಂದರು. ಸಿ. ಎನ್. ಆರ್. ರಾವ್ ಅಮೆರಿಕದಿಂದ 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಎಚ್. ನರಸಿಂಹಯ್ಯ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದ ಬಳಿಕ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಹಿಂದಿರುಗಿ, ಅಲ್ಲಿನ ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲಿಯೇ ಬದುಕು ಕಳೆದರು.

ಎಲ್ಲ ಮರುವಲಸೆಯೂ ಇಚ್ಛೆಯದಲ್ಲ. 1964ರ ಭಾರತ–ಸಿಲೋನ್ ಒಪ್ಪಂದದ ಬಳಿಕ ಭಾರತಕ್ಕೆ ಕಳುಹಿಸಲ್ಪಟ್ಟ ತೋಟ ಕಾರ್ಮಿಕ ಕುಟುಂಬಗಳಲ್ಲಿ ಕೆಲವಕ್ಕೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಅವರಲ್ಲಿ ಬಹಳ ಮಂದಿ ಹುಟ್ಟಿ ಬೆಳೆದದ್ದು ಸಿಲೋನಿನಲ್ಲಿ; ಅವರಿಗೆ ತಾಯ್ನಾಡೇ ಹೊಸ ನಾಡಾಗಿತ್ತು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಕೋವಿಡ್ ಹಾವಳಿಯ ನಡುವೆ 2020ರ ಮೇ ತಿಂಗಳಲ್ಲಿ ವಂದೇ ಭಾರತ್ ಯೋಜನೆಯಡಿ ಲಂಡನ್‌ನಿಂದ ಬೆಂಗಳೂರಿಗೆ, ದುಬೈಯಿಂದ ಮಂಗಳೂರಿಗೆ ವಿಮಾನಗಳು ಬಂದವು. ಗಿಡಮೂಲಿಕೆ ಔಷಧ ಮಾರಲು ಸುಡಾನಿಗೆ ಹೋಗಿ ಅಂತರ್ಯುದ್ಧದಲ್ಲಿ ಸಿಲುಕಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು 2023ರಲ್ಲಿ ‘ಆಪರೇಷನ್ ಕಾವೇರಿ’ ಮೂಲಕ ಊರು ಸೇರಿದರು.

ಕಾರಣಗಳು

ಯಾವ ದೇಶದಿಂದ ಮರಳುತ್ತಾರೆ ಎಂಬುದರ ಮೇಲೆ ಕಾರಣಗಳು ಬದಲಾಗುತ್ತವೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ವಿದೇಶಿಯರಿಗೆ ಪೌರತ್ವ ಸಿಗುವುದು ಬಲು ಅಪರೂಪ. ಅಲ್ಲಿ ವಾಸದ ಪರವಾನಗಿ ಉದ್ಯೋಗಕ್ಕೆ ಕಟ್ಟುಬಿದ್ದಿರುವುದರಿಂದ ಕೆಲಸ ಮುಗಿದರೆ ಊರಿಗೆ ಬರಲೇಬೇಕು. ಅಮೆರಿಕದಲ್ಲಿ ಎಚ್-1ಬಿ ವೀಸಾ ಮೊದಲು 3 ವರ್ಷಕ್ಕೆ ಸಿಕ್ಕು, ಸಾಮಾನ್ಯವಾಗಿ 6 ವರ್ಷಕ್ಕೆ ಮಿತಿಗೊಳ್ಳುತ್ತದೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಒಂದೇ ದೇಶದವರಿಗೆ ಶೇ. 7ಕ್ಕಿಂತ ಹೆಚ್ಚು ಸಲ್ಲದು ಎಂಬ ನಿಯಮದಿಂದ ಭಾರತೀಯರ ಸರದಿ ಬಹಳ ಉದ್ದವಾಗಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ ಅನಿಶ್ಚಿತತೆ ಇನ್ನೂ ಹೆಚ್ಚಿತು.

ದೂಡುವ ಕಾರಣಗಳಷ್ಟೇ ಸೆಳೆಯುವ ಕಾರಣಗಳೂ ಬಲವಾಗಿವೆ. ವಯಸ್ಸಾದ ತಂದೆತಾಯಿ, ಮಕ್ಕಳಿಗೆ ಅಜ್ಜ–ಅಜ್ಜಿಯರ ಒಡನಾಟ ಮತ್ತು ಕನ್ನಡ ಸಿಗಬೇಕೆಂಬ ಆಸೆ, ಪಾಲಿಗೆ ಬಂದ ಜಮೀನು, ಬೆಂಗಳೂರಿನ ಉದ್ಯೋಗಾವಕಾಶ ಇವು ಮುಖ್ಯವಾದವು. ಮಂಡ್ಯ ಜಿಲ್ಲೆಯಿಂದ ಹೊರಟ ಮೊದಲ ತಲೆಮಾರಿನ ಎಂಜಿನಿಯರುಗಳಲ್ಲಿ ಅನೇಕರು ರೈತರ ಮಕ್ಕಳು. ಕೆ. ವಿ. ಶಂಕರಗೌಡರ ಮುಂದಾಳುತನದಲ್ಲಿ 1962ರಲ್ಲಿ ಮಂಡ್ಯದಲ್ಲಿ ಆರಂಭವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಹಳ್ಳಿಯ ಹುಡುಗರಿಗೆ ಈ ಬಾಗಿಲನ್ನು ತೆರೆಯಿತು. ಹೊಲ ಮಾರಿ, ಸಾಲ ಮಾಡಿ ಓದಿಸಿದ ಮನೆಗಳಲ್ಲಿ ಮಗನೋ ಮಗಳೋ ಹಿಂದಿರುಗುವ ವಿಚಾರ ಒಬ್ಬರ ತೀರ್ಮಾನವಾಗಿ ಉಳಿಯದೆ ಇಡೀ ಕುಟುಂಬದ ಮಾತಾಗುತ್ತದೆ.

ನೆಲ ಮತ್ತು ನೀರು

ನಾಲ್ಕು ತಾಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಮರಳಿದವರಿಗೆ ಅವು ಒಡ್ಡುವ ಬದುಕು ಒಂದೇ ಅಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಹುಭಾಗಕ್ಕೆ ಕಾವೇರಿಯ ನಾಲೆಗಳ ಆಸರೆಯಿದೆ. ಭತ್ತ, ಕಬ್ಬು ಅಲ್ಲಿನ ಮುಖ್ಯ ಬೆಳೆ. 1911ರಲ್ಲಿ ಕಟ್ಟಲು ತೊಡಗಿದ ಕನ್ನಂಬಾಡಿ ಅಣೆಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಈ ಸೀಮೆಯ ಆರ್ಥಿಕತೆಯನ್ನು ರೂಪಿಸಿದವು. ಕೃಷ್ಣರಾಜಪೇಟೆಯ ಒಂದು ಭಾಗಕ್ಕೆ ಹೇಮಾವತಿಯ ನೀರು ಬರುತ್ತದೆ. ನಾಗಮಂಗಲ ತಾಲೂಕು ಹೆಚ್ಚಾಗಿ ಮಳೆಯಾಶ್ರಿತ. ಅದರ ಹೋಬಳಿಗಳಲ್ಲಿ ಒಂದಾದ ಹೊಣಕೆರೆಯ ಸುತ್ತ ರಾಗಿ, ಹುರುಳಿ, ತೆಂಗು, ಕುರಿ ಸಾಕಣೆ, ಹಾಲು ಬದುಕಿನ ಆಧಾರ. ಕೆರೆ ತುಂಬಿತೇ, ಬೋರ್‌ವೆಲ್‌ನಲ್ಲಿ ನೀರು ಸಿಕ್ಕಿತೇ ಎಂಬುದರ ಮೇಲೆ ವರ್ಷ ನಿಂತಿರುತ್ತದೆ.

ಬೇಸಾಯದ ಕನಸು ಹೊತ್ತು ಬರುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ನಾಲೆ ಬಯಲಿನಲ್ಲಿ ಲಾಭ ತಂದ ಯೋಜನೆ ಹೊಣಕೆರೆಯ ಬೆದ್ದಲು ಹೊಲದಲ್ಲಿ ಕೈಕೊಡಬಹುದು. ಡಾಲರಿನಲ್ಲಿ ಕೂಡಿಟ್ಟ ಹಣ ಕೊಳವೆ ಬಾವಿ ಕೊರೆಸುವುದರಲ್ಲಿಯೇ ಕರಗಿಹೋಗುವ ಅಪಾಯ ಒಣ ಸೀಮೆಯಲ್ಲಿ ನಿಜವಾದದ್ದು. ಬದು, ಕೃಷಿ ಹೊಂಡ, ಕೆರೆಯ ಹೂಳು, ಮರ ಆಧಾರಿತ ಬೇಸಾಯ, ಕಡಿಮೆ ನೀರಿನ ಬೆಳೆ ಇವುಗಳ ಬಗ್ಗೆ ಊರಿನ ರೈತರಿಗಿರುವ ತಿಳಿವಳಿಕೆ ಇಲ್ಲಿ ಯಾವ ಪದವಿಗಿಂತಲೂ ಕಡಿಮೆಯದಲ್ಲ.

ಮರಳಿದ ಇಬ್ಬರು

ಜಿಲ್ಲೆಯಲ್ಲಿ ಸಾರ್ವಜನಿಕವಾಗಿ ಹೆಚ್ಚು ಗೊತ್ತಿರುವ ನಿದರ್ಶನಗಳು ಎರಡು. ಕ್ಯಾಲಿಫೋರ್ನಿಯದಲ್ಲಿ ಸಾಫ್ಟ್‌ವೇರ್ ಉದ್ಯಮದಲ್ಲಿದ್ದ ಮಧುಚಂದನ್ 2014ರಲ್ಲಿ ಮಂಡ್ಯಕ್ಕೆ ಮರಳಿದರು. 2015ರಲ್ಲಿ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಮನಕಲಕುತ್ತಿದ್ದ ಹೊತ್ತಿಗೆ ಅವರು ಸಾವಯವ ಕೃಷಿಕರನ್ನು ಸಹಕಾರ ಸಂಘವಾಗಿ ಒಗ್ಗೂಡಿಸಿ, ‘ಆರ್ಗ್ಯಾನಿಕ್ ಮಂಡ್ಯ’ ಎಂಬ ಹೆಸರಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಬದಿಯಲ್ಲಿ ಮಳಿಗೆ ತೆರೆದರು. ಬೆಳೆಯುವವರನ್ನು ಕೊಳ್ಳುವವರ ಹತ್ತಿರ ತರುವುದು ಅದರ ತಿರುಳು. ಕೂಲಿಯಾಳು ಸಿಗದ ರೈತರ ಹೊಲಕ್ಕೆ ನಗರದವರನ್ನು ಕರೆತಂದು ಒಂದು ದಿನ ಬೆವರು ಸುರಿಸುವಂತೆ ಮಾಡಿದ್ದು ಅದರ ಗಮನಾರ್ಹ ಪ್ರಯತ್ನಗಳಲ್ಲಿ ಒಂದು.

ಎರಡನೆಯವರು ಪಾಂಡವಪುರ ತಾಲೂಕಿನ ಕ್ಯಾತನಹಳ್ಳಿಯ ದರ್ಶನ್ ಪುಟ್ಟಣ್ಣಯ್ಯ. ಅಮೆರಿಕದ ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದ ಅವರು, ರೈತ ಸಂಘದ ನಾಯಕರೂ ಮೇಲುಕೋಟೆಯ ಶಾಸಕರೂ ಆಗಿದ್ದ ತಂದೆ ಕೆ. ಎಸ್. ಪುಟ್ಟಣ್ಣಯ್ಯ 2018ರ ಫೆಬ್ರವರಿಯಲ್ಲಿ ತೀರಿಕೊಂಡ ಬಳಿಕ ಊರಿಗೆ ಬಂದು ಅದೇ ವರ್ಷದ ಚುನಾವಣೆಗೆ ನಿಂತರು. ಆ ಸಲ ಸೋತ ಅವರು 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆ ಕ್ಷೇತ್ರದಲ್ಲಿ ಗೆದ್ದರು. ಇಬ್ಬರ ದಾರಿ ಬೇರೆಯಾದರೂ ಇಬ್ಬರೂ ಆತುಕೊಂಡದ್ದು ಊರಿನಲ್ಲಿ ಮೊದಲೇ ಬೇರುಬಿಟ್ಟಿದ್ದ ಒಂದೊಂದು ಕೂಟ ಪರಂಪರೆಯನ್ನು: ಒಬ್ಬರು ಸಹಕಾರವನ್ನು, ಇನ್ನೊಬ್ಬರು ರೈತ ಚಳವಳಿಯನ್ನು.

ಕಾನೂನು ಮತ್ತು ಹಣಕಾಸು

ಮರಳಿದವರ ಸ್ಥಾನಮಾನವನ್ನು ಎರಡು ಕಾನೂನುಗಳು ಬೇರೆ ಬೇರೆ ಅಳತೆಯಿಂದ ನಿರ್ಧರಿಸುತ್ತವೆ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಉದ್ದೇಶಕ್ಕೆ ಮಹತ್ವ ಕೊಡುತ್ತದೆ. ನೆಲೆಸಲೆಂದು ಬಂದವರು ತಮ್ಮ ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಿಸಬೇಕು. ವಿದೇಶಿ ಹಣವನ್ನು ಅದೇ ಕರೆನ್ಸಿಯಲ್ಲಿ ಇಡಲು ಆರ್‌ಎಫ್‌ಸಿ ಖಾತೆ ತೆರೆಯಬಹುದು. ಹೊರಗೆ ವಾಸವಿದ್ದಾಗ ಅಲ್ಲಿ ಗಳಿಸಿದ ಮನೆ, ಷೇರು, ಉಳಿತಾಯವನ್ನು ಮುಂದೆಯೂ ಇಟ್ಟುಕೊಳ್ಳಲು ಈ ಕಾಯ್ದೆ ಅವಕಾಶ ಕೊಡುತ್ತದೆ.

ಆದಾಯ ತೆರಿಗೆ ಕಾನೂನು ಎಣಿಸುವುದು ದಿನಗಳನ್ನು. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ನಿವಾಸಿಗಳು. ಆದರೆ ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿ ಇರದವರು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎನಿಸುತ್ತಾರೆ. ಆ ಅವಧಿಯಲ್ಲಿ ಅವರ ವಿದೇಶಿ ಆದಾಯಕ್ಕೆ ಬಹುಮಟ್ಟಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಅಮೆರಿಕದ ನಾಗರಿಕತ್ವ ಪಡೆದವರು ಮಾತ್ರ ಇಲ್ಲಿ ನೆಲೆಸಿದರೂ ಅಲ್ಲಿನ ತೆರಿಗೆ ವಿವರ ಸಲ್ಲಿಸುತ್ತಲೇ ಇರಬೇಕು. ಅಲ್ಲಿನ ಸಾಮಾಜಿಕ ಭದ್ರತಾ ಪಿಂಚಣಿಗೆ ಸಾಮಾನ್ಯವಾಗಿ ಸುಮಾರು 10 ವರ್ಷದ ದುಡಿಮೆಗೆ ಸಮನಾದ 40 ಅಂಕಗಳು ಬೇಕಾಗುವುದರಿಂದ ಯಾವಾಗ ಮರಳುವುದು ಎಂಬ ಲೆಕ್ಕವೂ ಕೆಲವರಿಗೆ ಮುಖ್ಯವಾಗುತ್ತದೆ.

ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ 2005ರಿಂದ ಸಾಗರೋತ್ತರ ಭಾರತೀಯ ನಾಗರಿಕ (ಒಸಿಐ) ಚೀಟಿ ಸಿಗುತ್ತಿದೆ. ಈ ಚೀಟಿಯಿಂದ ಇಲ್ಲಿ ನೆಲೆಸಬಹುದು, ಓದಬಹುದು. ಆದರೆ ಮತದಾನದ ಹಕ್ಕಿಲ್ಲ.

ಜಮೀನಿನ ಪ್ರಶ್ನೆ

ಅನಿವಾಸಿ ಭಾರತೀಯರೂ ಒಸಿಐ ಚೀಟಿದಾರರೂ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಪಡೆಯಬಹುದು. ಭಾರತೀಯ ಪೌರರಾಗಿಯೇ ಉಳಿದು ಮರಳಿದವರಿಗೆ ಈ ಅಡ್ಡಿಯಿಲ್ಲ. ಕೃಷಿಯೇತರ ಆದಾಯದ ಮಿತಿ ಹಾಗೂ ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂಬ ನಿರ್ಬಂಧಗಳು (ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು) 2020ರ ತಿದ್ದುಪಡಿಯಲ್ಲಿ ರದ್ದಾದವು. ಹೊರಗಿನ ಹಣ ಬಂದು ಭೂಮಿಯ ಬೆಲೆ ಏರಿ ಸಣ್ಣ ರೈತ ಜಮೀನು ಕಳೆದುಕೊಳ್ಳುತ್ತಾನೆ ಎಂದು ರೈತ ಸಂಘಟನೆಗಳು ಇದನ್ನು ವಿರೋಧಿಸಿದವು. ಮರಳಿ ಬರುವವರು ಈ ಆತಂಕವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಪಿತ್ರಾರ್ಜಿತ ಜಮೀನಿನ ಕೆಲಸ ಹೆಚ್ಚಾಗಿ ನಡೆಯುವುದು ಹೋಬಳಿ ಮತ್ತು ತಾಲೂಕು ಮಟ್ಟದಲ್ಲಿ. ತಾತನ ಹೆಸರಿನಲ್ಲೇ ಉಳಿದ ಪಹಣಿಗೆ ಪೌತಿ ಖಾತೆ ಆಗಬೇಕು, ಜಂಟಿ ಸರ್ವೆ ನಂಬರಿಗೆ ಪೋಡಿ ಆಗಬೇಕು, ವಂಶವೃಕ್ಷ ಬೇಕು. ಹೊಣಕೆರೆ ಹೋಬಳಿಯ ಹಳ್ಳಿಗಳವರು ಇದಕ್ಕಾಗಿ ನಾಡಕಚೇರಿ ಮತ್ತು ನಾಗಮಂಗಲದ ತಾಲೂಕು ಕಚೇರಿಗೆ ಎಡತಾಕಬೇಕಾಗುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಮಟ್ಟದಲ್ಲಿ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳ ಪಾಲನ್ನು ಕಾನೂನಿನಲ್ಲಿ ಸ್ಥಾಪಿಸಿದವು. ವಿಭಾಗ ಮಾಡುವಾಗ ಅಕ್ಕತಂಗಿಯರನ್ನು ಕೈಬಿಡುವಂತಿಲ್ಲ. ಊರಲ್ಲೇ ಉಳಿದು ಹೊಲವನ್ನೂ ಹೆತ್ತವರನ್ನೂ ನೋಡಿಕೊಂಡ ಅಣ್ಣತಮ್ಮಂದಿರ ಶ್ರಮವನ್ನು ಪಾಲಿನ ಮಾತುಕತೆಯಲ್ಲಿ ಗೌರವಿಸಿದರೆ ಎಷ್ಟೋ ಕಲಹ ಹುಟ್ಟುವುದೇ ಇಲ್ಲ.

ಮಕ್ಕಳು ಮತ್ತು ಹಿರಿಯರು

ವಿದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಇದು ಮರಳುವುದಲ್ಲ, ಮೊದಲ ವಲಸೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಯಬೇಕು. ಮನೆಯಲ್ಲಿ ಮಾತು ಕೇಳಿ ಬೆಳೆದ ಮಗುವಿಗೂ ಓದು ಬರಹ ಹೊಸದು. ಹಿರಿಯರ ಆರೈಕೆಗೆ ಆಸ್ಪತ್ರೆಯ ಹತ್ತಿರ ಇರುವುದು ಮುಖ್ಯ. ನಾಗಮಂಗಲ ತಾಲೂಕಿನ ಬಿ. ಜಿ. ನಗರದಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆ ಈ ಭಾಗಕ್ಕೆ ದೊಡ್ಡ ಆಸರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಿಂದ ನಗರದಲ್ಲಿ ಉದ್ಯೋಗ, ವಾರದ ಕೊನೆಗೆ ಊರು ಎಂಬ ನಡುವಣ ಮಾರ್ಗ ಸುಲಭವಾಯಿತು. ಹಲವರ ಮರುವಲಸೆ ಬೆಂಗಳೂರು ಅಥವಾ ಮೈಸೂರಿನಲ್ಲಿಯೇ ನಿಲ್ಲುತ್ತದೆ.

ಸಾಹಿತ್ಯ ಮತ್ತು ಸಿನಿಮಾ

ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968) ಕಾದಂಬರಿಯ ನಾಯಕ ಅಮೆರಿಕದಲ್ಲಿ ಓದಿ, ಅಲ್ಲಿನ ಹೆಂಡತಿಯೊಡನೆ ಹಳ್ಳಿಗೆ ಬರುತ್ತಾನೆ. ಗೋವಿನ ಬಗೆಗಿನ ಎರಡು ದೃಷ್ಟಿಗಳ ಘರ್ಷಣೆ ಕತೆಯ ಕೇಂದ್ರ. ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಅದನ್ನು ಸಿನಿಮಾ ಮಾಡಿದರು. ನಾಗಮಂಗಲ ತಾಲೂಕಿನ ನಾಗತಿಹಳ್ಳಿಯವರಾದ ನಾಗತಿಹಳ್ಳಿ ಚಂದ್ರಶೇಖರ ನಿರ್ದೇಶಿಸಿದ ‘ಅಮೆರಿಕಾ ಅಮೆರಿಕಾ’ ಹೋದವರ ಮತ್ತು ಉಳಿದವರ ಬದುಕನ್ನು ಎದುರುಬದುರು ಇಟ್ಟು ನೋಡಿದ ಚಿತ್ರ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಮಹತ್ವ

ಮರುವಲಸೆಯ ಫಲವನ್ನು ತಂದ ಹಣದಿಂದ ಮಾತ್ರ ಅಳೆಯಲಾಗದು. ಹಾಲಿನ ಡೇರಿ, ಸಹಕಾರ ಸಂಘ, ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿ, ಕೆರೆ ಬಳಕೆದಾರರ ಕೂಟ, ಗ್ರಾಮಸಭೆ ಇವು ಹಳ್ಳಿ ತನ್ನ ಕೆಲಸ ತಾನೇ ಮಾಡಿಕೊಳ್ಳುವ ವ್ಯವಸ್ಥೆಗಳು. ಮರಳಿದವರ ಕೌಶಲ ಇವುಗಳೊಳಗೆ ಸೇರಿದಾಗ ಊರಿಗೂ ಉಪಯೋಗ, ಅವರಿಗೂ ನೆಲೆ. ಹೊರಗುಳಿದರೆ ಬೇಲಿ ಹಾಕಿದ ತೋಟದ ಮನೆಯಷ್ಟೇ ಉಳಿಯುತ್ತದೆ. ಹೊಣಕೆರೆಯಂಥ ಮಳೆಯಾಶ್ರಿತ ಹೋಬಳಿಗೆ ನೀರಿನ ಲೆಕ್ಕ, ಬೆಳೆಯ ಮಾರುಕಟ್ಟೆ, ದಾಖಲೆಯ ತಿಳಿವಳಿಕೆ, ಮಕ್ಕಳ ಓದು ಇವುಗಳಲ್ಲಿ ನುರಿತ ಕೈಗಳ ಅಗತ್ಯ ಬಹಳವಿದೆ. ಆದ್ದರಿಂದ ಮರಳಿ ಬರುವವರನ್ನು ಬರಮಾಡಿಕೊಳ್ಳುವ ನೀತಿ ಬಂಡವಾಳ ಹೂಡಿಕೆಯ ಸಮಾವೇಶಗಳಿಗೆ ಸೀಮಿತವಾಗದೆ ನಾಡಕಚೇರಿಯ ಮಟ್ಟಕ್ಕೆ ಇಳಿಯಬೇಕು: ಖಾತೆ, ಶಾಲೆ, ಮತದಾರರ ಪಟ್ಟಿ ಮತ್ತು ಕೃಷಿ ಸಲಹೆಗೆ ಒಂದೇ ಕಡೆ ನೆರವು ಸಿಗುವಂತಾಗಬೇಕು.